ನಾಲ್ಕು ವರ್ಷದ ಹಿಂದಿನ ಒಂದು ಜ್ವರದ ವಿಷಯ. ಈಗ ಹೇಳ್ಬೇಕಾ, ಬೇಡ್ವಾ?

ಸೂಜಿದಾರ · ಪ್ರಶ್ನೆ

ಎಲ್ರಿಗೂ ನಮಸ್ಕಾರ. ಹನುಮಂತನಗರದ ಕಡೆ ನಂದೊಂದು ಸಣ್ಣ ಟೈಲರ್ ಅಂಗಡಿ. ಇಪ್ಪತ್ತಾರು ವರ್ಷ ಆಯ್ತು. ಹೆಚ್ಚಾಗಿ ಬ್ಲೌಸು, ಫಾಲ್ಸು, ಜೂನ್ ಬಂದ್ರೆ ಯೂನಿಫಾರ್ಮು. ಅಳತೆ ಪುಸ್ತಕ ಬಿಟ್ರೆ ಬೇರೆ ಏನೂ ಬರೆದೋನಲ್ಲ ನಾನು. ಫೋನಿಗೆ ಬಾಯಲ್ಲಿ ಹೇಳಿದ್ರೆ ಅದೇ ಟೈಪ್ ಮಾಡ್ಕೊಳುತ್ತೆ ಅಂತ ಮಗಳು ತೋರ್ಸಿದ್ಲು. ಶಟರ್ ಅರ್ಧ ಇಳಿಸ್ಕೊಂಡು ಮೆಲ್ಲಗೆ ಹೇಳ್ತಿದೀನಿ. ಉದ್ದ ಆದ್ರೆ ಬೈಬೇಡಿ.

ನನ್ನ ಅಂಗಡೀಲಿ ಹದಿನಾಲ್ಕು ವರ್ಷ ಒಬ್ರು ಯಜಮಾನ್ರು ಕೆಲ್ಸಕ್ಕಿದ್ರು. ಹೆಸರು ಬೇಡ. ಅಂಗಡೀಲೂ ಯಜಮಾನ್ರೇ ಅಂತಾನೇ ಕರೀತಿದ್ದಿದ್ದು, ಓನರ್ ನಾನಾದ್ರೂ. ಕಾಜಾ, ಗುಂಡಿ, ಹುಕ್ಕು, ಹೆಮ್ಮಿಂಗು, ಕೈಕೆಲ್ಸ ಎಲ್ಲ ಅವ್ರದ್ದು. ಕಾಮಾಕ್ಷಿಪಾಳ್ಯದಿಂದ ಎರಡು ಬಸ್ ಹತ್ತಿ ಬರೋರು. ಗೋಡೆ ಪಕ್ಕ ಮಣೆ ಹಾಕ್ಕೊಂಡು ಕೂತ್ರೆ ಮಧ್ಯಾಹ್ನದ ಡಬ್ಬಿಗೇ ಏಳೋದು. ಬಲಗೈ ನಡುಬೆರಳಿಗೆ ಸೂಜಿ ಚುಚ್ಚದ ಹಾಗೆ ಹಾಕ್ಕೊಳೋ ಒಂದು ಹಿತ್ತಾಳೆ ಅಂಗುಸ್ತಾನ, ಗುಳಿ ಎಲ್ಲ ಸವೆದು ನುಣ್ಣಗಾಗಿತ್ತು. ಕಾಜಾ ಮಿಷನ್ ಬಂದು ಎಷ್ಟೋ ಕಾಲ ಆಗಿದ್ರೂ ಅವ್ರ ಕೈ ಕಾಜಾನೇ ಬೇಕು ಅಂತ ಜಯನಗರದಿಂದ ಹುಡುಕ್ಕೊಂಡು ಬರೋರಿದ್ರು.

2020ರ ಲಾಕ್‌ಡೌನ್ ಹೆಂಗೋ ಕಳೆದ್ವಿ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಟೀವೀಲಿ 21 ದಿನ ಅಂದಾಗ ನನ್ನ ಟೇಬಲ್ ಮೇಲೆ ಕತ್ತರಿಸಿಟ್ಟ ಹನ್ನೊಂದು ಬ್ಲೌಸ್ ಇತ್ತು, ಒಂದೂ ಹೊಲಿದಿರ್ಲಿಲ್ಲ. ಅಂಗಡಿ ತೆಗೆಯೋಕೆ ಬಿಟ್ಮೇಲೆ ಯಾರ ಮನೇಲೂ ಫಂಕ್ಷನ್ ಇಲ್ಲ, ಬ್ಲೌಸ್ ಯಾರಿಗೆ ಬೇಕು? ಲೈನಿಂಗ್ ಬಟ್ಟೆ ಮೂರು ಪದರ ಹಾಕಿ ಮಾಸ್ಕ್ ಹೊಲಿದ್ವಿ. ಇಪ್ಪತ್ತು ರೂಪಾಯಿಗೊಂದು. ಎಲಾಸ್ಟಿಕ್ ಸಿಗದೇ ಹೋದಾಗ ಯಜಮಾನ್ರು ಅದೇ ಬಟ್ಟೇಲಿ ಲಾಡಿ ಮಾಡಿ ಹಾಕಿದ್ರು. ಆಮೇಲೆ ಮದುವೆ ಸೀರೆಗೆ ಮ್ಯಾಚಿಂಗ್ ಮಾಸ್ಕ್ ಅಂತ ಶುರುವಾಯ್ತು, ಜರಿ ಅಂಚಿಂದು. ನಗಬೇಡಿ, ಅದೇ ನಮಗೆ ಆರು ತಿಂಗಳು ಅನ್ನ ಹಾಕಿದ್ದು.

ಭಯದ ವಿಷಯಕ್ಕೆ ಬರ್ತೀನಿ. 2020ರ ಜುಲೈಲಿ ನಮ್ಮ ಪಕ್ಕದ ಕ್ರಾಸಲ್ಲಿ ಒಂದು ಮನೆಗೆ ಪಾಸಿಟಿವ್ ಬಂತು. ಬೊಂಬು ಕಟ್ಟಿ ತಗಡು ಹೊಡೆದು ರಸ್ತೆನೇ ಮುಚ್ಚಿದ್ರು. ಆ ಮನೆ ಹೆಂಗಸು ನನ್ನ ಹಳೇ ಗಿರಾಕಿ. ಎಲ್ಲ ಮುಗಿದು ಒಂದೂವರೆ ತಿಂಗಳಾದ್ಮೇಲೆ ಬಟ್ಟೆ ಕೊಡೋಕೆ ಬಂದ್ರೆ, ಆ ಕವರನ್ನ ನಾನು ಶಟರ್ ಎಳೆಯೋ ಕೋಲಲ್ಲಿ ತಗೊಂಡು ಮೂರು ದಿನ ಬಿಸಿಲಲ್ಲಿ ನೇತು ಹಾಕಿದ್ದೆ. ಆಯಮ್ಮ ನೋಡ್ತಾ ನಿಂತಿದ್ರು. ಮತ್ತೆ ಬರ್ಲಿಲ್ಲ. ನಂಗೆ ಕೊರೋನಾಗಿಂತ ಆ ಕೋಲಿನ ಭಯ ಜಾಸ್ತಿ ಇತ್ತು.

2021. ಏಪ್ರಿಲ್ 13 ಯುಗಾದಿ. ಒಂದು ವರ್ಷದಿಂದ ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದಿದ್ವು. 16ನೇ ತಾರೀಕು ರಾತ್ರಿ ಮೈ ಬಿಸಿ ಆಯ್ತು. ಬಿಸಿಲಿಗೆ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ, ಬಿಸಿಲಿಗೆ ಅಂತ ನನಗೆ ನಾನೇ ಹೇಳ್ಕೊಂಡೆ. ಡೋಲೋ ನುಂಗಿ 17ಕ್ಕೆ ಅಂಗಡಿ ತೆಗೆದೆ. ಮನೇಲೂ ಹೇಳ್ಲಿಲ್ಲ.

20ನೇ ತಾರೀಕು, ಮಂಗಳವಾರ. ಒಂದು ರೇಷ್ಮೆ ಬ್ಲೌಸಿಗೆ ಇಸ್ತ್ರಿ ಹಾಕ್ತಿದ್ದೆ. ಫೋನ್ ಬಂತು, ಪೆಟ್ಟಿಗೆ ಮೇಲೇ ಬಿಟ್ಟೆ. ರೇಷ್ಮೆ ಸುಟ್ರೆ ಕೂದಲು ಸುಟ್ಟ ನಾತ ಬರುತ್ತೆ, ಈ ಕೆಲ್ಸದೋರಿಗೆ ಅದು ನಿದ್ದೇಲೂ ಗೊತ್ತಾಗುತ್ತೆ. ನಂಗೆ ಏನೂ ಬರ್ಲಿಲ್ಲ. ಯಜಮಾನ್ರು ಆ ಮೂಲೆಯಿಂದ "ಏನೋ ಸೀಯ್ತಿದೆಯಲ್ಲಪ್ಪಾ!" ಅಂತ ಎದ್ದು ಬಂದು ಪೆಟ್ಟಿಗೆ ಎತ್ತಿದ್ರು. ಬೆನ್ನಿನ ಭಾಗದಲ್ಲಿ ತ್ರಿಕೋಣ ಕಂದು ಕಲೆ. ನಾನು ಬಟ್ಟೆ ಮೂಗಿಗೇ ಇಟ್ಕೊಂಡು ಮೂಸಿದೆ. ಇಲ್ಲ. ಸೀಮೆಸುಣ್ಣದ ಡಬ್ಬಿ ಮೂಸಿದೆ, ಮಿಷನ್ ಎಣ್ಣೆ ಮೂಸಿದೆ. ಇಲ್ಲ.

ವಾಸನೆ ಹೋದ್ರೆ ಏನು ಅಂತ ಟೀವಿ ನೋಡೋ ಮಕ್ಕಳಿಗೂ ಆಗ ಗೊತ್ತಿತ್ತು. ನಂಗೆ ಗೊತ್ತಾಯ್ತು. ಅವ್ರು ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ರು, ಮಾಸ್ಕು ಗದ್ದದ ಕೆಳಗೆ. ದಾರದ ತುದಿ ತುಟೀಲಿ ಒದ್ದೆ ಮಾಡ್ದೆ ಅವ್ರಿಗೆ ಸೂಜಿ ಪೋಣಿಸೋಕೆ ಬರ್ತಿರ್ಲಿಲ್ಲ. ನಾನು "ಮನೆಗೆ ಹೋಗಿ ಯಜಮಾನ್ರೇ" ಅನ್ನಬಹುದಿತ್ತು. "ಗಿರಾಕಿಗೆ ಏನು ಹೇಳೋದು ಈಗ" ಅಂದೆ. 22ರ ಮಧ್ಯಾಹ್ನ ಪೊಲೀಸರು ಬಂದು ಅಂಗಡಿಗಳನ್ನ ಮುಚ್ಚಿಸೋ ತನಕ ಇಬ್ರೂ ಅಲ್ಲೇ ಕೆಲ್ಸ ಮಾಡಿದ್ವಿ.

25ಕ್ಕೆ ಅವ್ರಿಗೆ ಜ್ವರ. ಟೆಸ್ಟ್ ರಿಪೋರ್ಟ್ ಬರೋದೇ ನಾಲ್ಕು ದಿನ ಆಯ್ತು, ಪಾಸಿಟಿವ್ ಆದೋರಿಗೆ ಕೊಡ್ತಿದ್ದ ಬಿಯು ನಂಬರ್ ಇಲ್ಲದೆ ಆಸ್ಪತ್ರೇಲಿ ಹಾಸಿಗೆ ಇಲ್ಲ. ಹಾಸಿಗೆ ಕೇಳೋ ಸಹಾಯವಾಣಿ 1912ಕ್ಕೆ ಎಷ್ಟು ಸಲ ಫೋನ್ ಮಾಡಿದೀನೋ ಲೆಕ್ಕ ಇಲ್ಲ. ಆಕ್ಸಿಜನ್ 84ಕ್ಕೆ ಇಳಿದ್ಮೇಲೆ ಒಂದು ಕಡೆ ಸಿಕ್ತು. ನನ್ನ ಓವರ್‌ಲಾಕ್ ಮಿಷನ್ ಮಾರಿ, ಇನ್ನೊಂದಿಷ್ಟು ಸೇರಿಸಿ 35 ಸಾವಿರ ಕೊಟ್ಟೆ. ಮೇ 6ಕ್ಕೆ ಹೋಗ್ಬಿಟ್ರು. 63 ವರ್ಷ. ತಾವರೆಕೆರೆ ಹತ್ರ ಬಯಲಲ್ಲಿ ಸಾಲಾಗಿ ಚಿತೆ ಇಟ್ಟಿದ್ರಲ್ಲ, ಅಲ್ಲಿ ಆಯ್ತು.

ನಾನು ಟೆಸ್ಟ್ ಮಾಡಿಸ್ಲೇ ಇಲ್ಲ. ಇವತ್ತಿನವರೆಗೂ.

ಅವ್ರ ಹೆಂಡ್ತಿ ಈಗ ಮಾಗಡಿ ಕಡೆ ತಮ್ಮನ ಮನೇಲಿದಾರೆ. ಒಬ್ಬಳೇ ಮಗಳು, ತುಮಕೂರಿಗೆ ಕೊಟ್ಟಿದೆ. ಗೌರಿ ಹಬ್ಬಕ್ಕೆ ಮುಂಚೆ ಒಂದ್ಸಲ ಬಂದು ಬ್ಲೌಸ್ ಪೀಸ್ ಕೊಡ್ತಾರೆ, ಸಂಕ್ರಾಂತಿ ಹೊತ್ತಿಗೆ ಇನ್ನೊಂದ್ಸಲ ಬಂದು ಸೊನೆ ಅವರೆಕಾಯಿ ಒಂದು ಚೀಲ. ಹೆಂಗಸರಿಗೆ ಶಕ್ತಿ ಯೋಜನೆ ಬಂದ್ಮೇಲೆ ಬಸ್ ಚಾರ್ಜ್ ಇಲ್ಲ, ಅದಕ್ಕೇ ಬರ್ತೀನಿ ಅಂತಾರೆ. ಹೋಗೋವಾಗ ಪ್ರತಿ ಸಲ "ನಮ್ಮ ಪಾಲಿನ ದೇವ್ರು ಕಣಪ್ಪಾ ನೀನು" ಅಂತಾರೆ. ಆ ಹಿತಕಿದ ಬೇಳೆ ಸಾರು ನನ್ನ ಗಂಟಲಲ್ಲಿ ಇಳಿಯಲ್ಲ. ಹೊಟ್ಟೆ ಸರಿ ಇಲ್ಲ ಅಂತ ಹೆಂಡ್ತಿಗೆ ಹೇಳ್ತೀನಿ.

ಗೌರಿ ಹಬ್ಬ ಮತ್ತೆ ಬರ್ತಿದೆ. ಹೇಳ್ಬಿಡ್ಲಾ? ಹೇಳಿದ್ರೆ ಯಾರಿಗೆ ಒಳ್ಳೇದು?

—

ನೇರನುಡಿ

ಹೇಳ್ಬೇಡಿ ಸಾರ್. ಮುಗೀತು.

ನಿಮ್ಮ ಎದೆ ಭಾರ ಇಳೀಬೇಕು ಅಂತ ಆ ಅಜ್ಜಿ ಎದೆ ಮೇಲೆ ಕಲ್ಲು ಇಡೋದು ಯಾವ ನ್ಯಾಯ? ಆಯಮ್ಮಂಗೆ ಊರಲ್ಲಿ ಇರೋ ಒಂದೇ ನೆಮ್ಮದಿ ಅಂದ್ರೆ 'ಕಷ್ಟಕಾಲದಲ್ಲಿ ಒಬ್ಬ ನಿಂತ' ಅನ್ನೋದು. ಅದನ್ನೂ ಕಿತ್ಕೋತೀರಾ? ಜೊತೆಗೆ ನಿಮ್ಮಿಂದಾನೇ ಬಂತು ಅಂತ ಏನು ಗ್ಯಾರಂಟಿ? ದಿನಾ ಎರಡೆರಡು ಬಸ್ ಹತ್ತಿ ಬರೋ ಮನುಷ್ಯ. ಆ ತಿಂಗಳು ಬೆಂಗಳೂರಲ್ಲಿ ದಿನಕ್ಕೆ 10 ಸಾವಿರದ ಮೇಲೆ ಕೇಸು. ಬಸ್ಸಲ್ಲಿ ಯಾರೋ ಕೆಮ್ಮಿರ್ತಾರೆ, ಅಷ್ಟೇ. ಹಬ್ಬಕ್ಕೆ ಒಂದು ಒಳ್ಳೆ ಸೀರೆ ಕೊಡಿಸಿ, ಸುಮ್ನಿರಿ.

—

ಸೂಜಿದಾರ

ಬಸ್ಸಿನ ವಿಷಯ ನಾನೂ ಎಷ್ಟೋ ರಾತ್ರಿ ಯೋಚ್ನೆ ಮಾಡಿದೀನಿ ಸಾರ್. ನೀವು ಮರ್ತಿದೀರ. ಆ ಏಪ್ರಿಲ್ 7ರಿಂದ 21ರ ತನಕ ಸಾರಿಗೆ ನೌಕರರ ಮುಷ್ಕರ. ಬಿಎಂಟಿಸಿ ಓಡ್ತಾನೇ ಇರ್ಲಿಲ್ಲ ಅಂದ್ರೂ ಸರಿ. ಕೆಲ್ಸ ನಿಲ್ಬಾರ್ದು ಅಂತ ನಾನೇ ಬೆಳಿಗ್ಗೆ ಕಾಮಾಕ್ಷಿಪಾಳ್ಯಕ್ಕೆ ಹೋಗಿ ನನ್ನ ಗಾಡೀಲಿ ಕೂರಿಸ್ಕೊಂಡು ಬರ್ತಿದ್ದೆ, ಸಂಜೆ ಬಿಟ್ಟು ಬರ್ತಿದ್ದೆ. ಜ್ವರ ಇದ್ದ ದಿನಗಳಲ್ಲೂ. ಹಿಂದೆ ಕೂತು ನನ್ನ ಹೆಗಲು ಹಿಡ್ಕೊಳೋರು.

—

ಡ್ಯೂಟಿಸಿಸ್ಟರ್

ನಾನು ಆ ಎರಡು ವರ್ಷ ಒಂದು ಆರೋಗ್ಯ ಕೇಂದ್ರದಲ್ಲಿ ಸ್ವಾಬ್ ತೆಗೀತಿದ್ದೆ, ಆಮೇಲೆ ಲಸಿಕೆ ಕೊಡ್ತಿದ್ದೆ. ಪಿಪಿಇ ಒಳಗೆ ಬೆವರು ಬೂಟಿಗೆ ಇಳೀತಿತ್ತು, ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ ಅಂತ ನೀರು ಕುಡೀತಿರ್ಲಿಲ್ಲ. ಅದಿರಲಿ.

ಅಣ್ಣಾ, ನಿಮಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಲ್ಲ. ಲಕ್ಷಣ ಕಾಣಿಸೋಕೆ ಎರಡು ದಿನ ಮುಂಚಿನಿಂದ್ಲೇ ಹರಡುತ್ತೆ, ಶುರುವಿನ ನಾಲ್ಕೈದು ದಿನ ಜೋರು. ನಿಮಗೆ 16ಕ್ಕೆ ಜ್ವರ, ಅವ್ರಿಗೆ 25ಕ್ಕೆ. ಲೆಕ್ಕ ಕೂಡುತ್ತೆ. ಹಾಗಂತ ನಿಮ್ಮಿಂದಲೇ ಅಂತಾನೂ ಯಾರೂ ಬರೆದು ಕೊಡಲ್ಲ. ಅಳತೆ ಕೊಡೋಕೆ ಬಂದ ಗಿರಾಕಿಗಳು, ಅವ್ರ ಮನೆ ಪಕ್ಕದೋರು, ಹಾಲಿನ ಬೂತು, ಎಲ್ಲೂ ಇತ್ತು ಆಗ. ನೀವು ಟೆಸ್ಟ್ ಮಾಡಿಸಿಲ್ಲ, ಹಾಗಾಗಿ ನಿಮಗೆ ಇದ್ದಿದ್ದು ಕೋವಿಡ್ಡೇ ಅಂತಾನೂ ದಾಖಲೆ ಇಲ್ಲ. ಆದ್ರೆ ಈ 'ಗೊತ್ತಿಲ್ಲ' ಅನ್ನೋದರ ಹಿಂದೆ ಅಡಗಿಕೊಳ್ಬೇಡಿ. 20ನೇ ತಾರೀಕು ನಿಮಗೆ ಗೊತ್ತಾಯ್ತು ಅಂತ ನೀವೇ ಬರೆದಿದೀರ. ನೀವು ಹೇಳ್ಬೇಕಿರೋದು 'ನನ್ನಿಂದ ಅವ್ರು ಸತ್ರು' ಅಂತ ಅಲ್ಲ, ಅದು ನಿಮಗೆ ಗೊತ್ತಿಲ್ಲ. 'ನಂಗೆ ಗೊತ್ತಿದ್ದೂ ಹೇಳ್ಲಿಲ್ಲ' ಅನ್ನೋದು. ಎರಡೂ ಬೇರೆ.

ಇನ್ನೊಂದು ಕೇಳ್ಬೇಕು. 63 ವರ್ಷ ಅಂದ್ರಿ. ಮಾರ್ಚ್ 1ರಿಂದಲೇ ಅರವತ್ತು ದಾಟಿದೋರಿಗೆ ಲಸಿಕೆ ಇತ್ತಲ್ಲ. ಹಾಕಿಸ್ಕೊಂಡಿದ್ರಾ?

—

ಸೂಜಿದಾರ

ಸಿಸ್ಟರ್, ಇದನ್ನ ಯಾರೂ ಕೇಳ್ದೇ ಇದ್ರೆ ಸಾಕು ಅಂತಿದ್ದೆ.

ಹಾಕಿಸ್ಕೊಂಡಿರ್ಲಿಲ್ಲ. ಮಾರ್ಚ್ ಕೊನೇಲಿ ಅವ್ರೇ ಕೇಳಿದ್ರು, "ನಮ್ಮ ಮನೆ ಹತ್ರ ಹಾಕ್ತಿದಾರಂತೆ, ಒಂದು ದಿನ ರಜಾ ಕೊಡ್ತೀಯೇನಪ್ಪಾ" ಅಂತ. ಎರಡು ದಿನ ಜ್ವರ ಬರುತ್ತಂತೆ, ಸೀಸನ್ ಮುಗೀಲಿ ಅಂದೆ. ಮೇನಲ್ಲಿ ಇಬ್ರೂ ಒಟ್ಟಿಗೆ ಹೋಗೋಣ ಅಂದೆ. ಅವ್ರು ಆಯ್ತು ಅಂತ ಸೂಜಿಗೆ ದಾರ ಹಾಕಿದ್ರು.

ನನ್ನ ಲಸಿಕೆ ಜೂನಲ್ಲಿ ಆಯ್ತು. ಮಾರನೇ ದಿನ ಜ್ವರಾನೂ ಬರ್ಲಿಲ್ಲ.

—

ಫಿಲ್ಟರ್‌ಕಾಫಿ

ಏನ್ ಗುರು ಇದು, ಇದು ಕೊಲೆ ಅಲ್ವಾ ಲೆಕ್ಕಕ್ಕೆ? ಜೊತೆಗೆ ದೇವ್ರು ಅನ್ನಿಸ್ಕೊಂಡು ಅವರೆಕಾಯಿ ಬೇರೆ ತಿಂತಿದೀರ.

—

ಗಾಂಧಿಬಜಾರ್ ತಾತ

ತಮ್ಮಾ ಫಿಲ್ಟರ್‌ಕಾಫಿ, ಆ ವರ್ಷ ನೀನು ಮನೆಯ ಗ್ರೂಪ್‌ನಲ್ಲಿ ಎಷ್ಟು ಕಷಾಯದ ಮೆಸೇಜ್ ಫಾರ್ವರ್ಡ್ ಮಾಡಿದ್ದೆ? ನಾನಂತೂ ದಿನಕ್ಕೆ ಐದು. ಅದನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದವರು ಎಷ್ಟು ಜನವೋ ನನಗೆ ತಿಳಿಯದು. ಸ್ವಲ್ಪ ತಡೆದು ಮಾತಾಡು.

ಟೈಲರ್ ಅವರೇ, ನಿಮ್ಮದು ಹನುಮಂತನಗರ, ನನ್ನದು ಪಕ್ಕದ ಬಸವನಗುಡಿ. ಈ ಬಸವನಗುಡಿ, ಆ ಕಡೆ ಮಲ್ಲೇಶ್ವರ ಬೆಳೆದದ್ದೇ 1898ರ ಪ್ಲೇಗಿನಿಂದ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯುತ್ತಿದ್ದಾರೆಂದು ಉಳಿದವರು ಅಗಲ ರಸ್ತೆಯ ಈ ಬಡಾವಣೆಗಳಿಗೆ ಬಂದರು. ನಮ್ಮ ಅಜ್ಜ ತಮ್ಮ ತಂದೆಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಕಂಕುಳಲ್ಲಿ ಗಡ್ಡೆ ಎದ್ದರೆ ಮನೆಯವರು ಮೊದಲು ಮಾಡುತ್ತಿದ್ದ ಕೆಲಸ ಮುಚ್ಚಿಡುವುದು. ತಿಳಿದರೆ ಊರಾಚೆಯ ಶೆಡ್ಡಿಗೆ ಕಳಿಸುತ್ತಾರೆ, ಮನೆಯ ಹಂಚು ತೆಗೆಸುತ್ತಾರೆ, ಸಾಮಾನು ಸುಡುತ್ತಾರೆ. ನಮ್ಮ ಮನೆಯಲ್ಲೇ ಒಬ್ಬ ಹೆಣ್ಣುಮಗಳನ್ನು ಅಟ್ಟದ ಮೇಲೆ ಇಟ್ಟಿದ್ದರಂತೆ. ಆಮೇಲೆ ಇನ್ನಿಬ್ಬರು ಹೋದರಂತೆ. ಅಜ್ಜ ಆ ಕಥೆಯನ್ನು ಯಾವತ್ತೂ ಪೂರ್ತಿ ಹೇಳುತ್ತಿರಲಿಲ್ಲ, ಅಟ್ಟದ ಮಾತು ಬಂದಾಗ ಎದ್ದು ನಶ್ಯದ ಡಬ್ಬಿ ಹುಡುಕುತ್ತಿದ್ದರು. ಎಪ್ಪತ್ತು ವರ್ಷ ಕಳೆದಿದ್ದರೂ.

ಹೇಳಬೇಕೋ ಬೇಡವೋ ನಾನು ಹೇಳಲಾರೆ. ನಿಮ್ಮ ಆ ಕೋಲು ಮಾತ್ರ ನನಗೆ ಸರಿಯಾಗಿ ಅರ್ಥವಾಯಿತು.

—

ಕಲ್ಪನಾ_ಹುಬ್ಬಳ್ಳಿ

ನಾ ವಿಜಯನಗರದಾಗ ಇರ್ತೀನ್ರಿ, ಊರು ಹುಬ್ಬಳ್ಳಿ. ಇನ್ನೊಂದ್ ಕಡಿಯಿಂದ ಹೇಳ್ತೀನಿ ಕೇಳ್ರಿ.

ನಮ್ಮಪ್ಪ ಇಲ್ಲೇ ನಮ್ಮ ಮನ್ಯಾಗಿದ್ದಾಗ 2021ರ ಮೇದಾಗ ಹ್ವಾದ್ರು. ಹದಿನೈದು ದಿನ ಮುಂಚೆ ನಮ್ಮ ಸೋದರಮಾವ ಬಂದು ಎರಡು ದಿನ ಇದ್ದು ಹೋಗಿದ್ದ. ಮೂಗು ಏರಸ್ಕೋತ ಕುಂತಿದ್ದ, ಎಸಿ ಆಗಿ ಬರಂಗಿಲ್ಲ ನನಗ ಅಂತಿದ್ದ. ಹೋದ ಮ್ಯಾಲೆ ಅವಂಗ ಪಾಸಿಟಿವ್ ಬಂದಿದ್ದು ನಮಗ ಹೇಳಲಿಲ್ಲ. ಮೂರು ತಿಂಗಳಾದ ಮ್ಯಾಲೆ ಅವನ ಮಗನ ಬಾಯಿಂದ ತಿಳೀತು.

ಮಾಮಾ ಈಗೂ ಬರ್ತಾನ. ನಮ್ಮವ್ವಗ ಸೀರಿ ತರ್ತಾನ, ನನ್ನ ಮಗಳ ಫೀ ಕಟ್ತೀನಿ ಅಂತಾನ. ನಾವು ಚಹಾ ಕೊಡ್ತೀವಿ. ಅವಂಗ ಗೊತ್ತೈತಿ ಅಂತ ನಮಗ ಗೊತ್ತೈತಿ. ನಮಗ ಗೊತ್ತೈತಿ ಅಂತ ಅವಂಗ ಗೊತ್ತಿಲ್ಲ. ನಾಲ್ಕು ವರ್ಷದಿಂದ ಹಿಂಗ ಚಹಾ ಕುಡಿಯಾಕತ್ತೀವಿ. ಒಂದ್ಸಲ ಬಾಯಿ ಬಿಟ್ಟು ಹೇಳಿದ್ರ ನಮ್ಮವ್ವ ಎರಡು ಮಾತು ಬೈದು, ಅತ್ತು, ಆಮ್ಯಾಲೆ ಊಟಕ್ಕ ಕೂಡಸ್ತಿದ್ಲು ಅನಸ್ತದ. ಕೂಡಸ್ತಿರಲಿಲ್ಲೇನೋ, ಅದೂ ಖರೇನ. ಆದ್ರ ಬೈಯೂ ಹಕ್ಕು ಆಕೀದು. ಅದನ್ನ ಆಕಿ ಕಡೆಯಿಂದ ಕಸಗೊಂಡು ಸೀರಿ ಕೊಟ್ರ ಹೆಂಗ್ರಿ?

ನೇರನುಡಿ ಅವರು ಸೀರಿ ಕೊಡಸ್ರಿ ಅಂದದ್ದಕ್ಕ ಇಷ್ಟು ಬರ್ದೆ. ಸೀರಿ ಒಟ್ಟ ಒಯ್ಯಬ್ಯಾಡ್ರಿ.

—

ನೇರನುಡಿ

ಸರಿ, ಸೀರೆ ವಿಷಯ ವಾಪಸ್ ತಗೊಂಡೆ. ಹೇಳೋದಿದ್ರೂ ಫೋನಲ್ಲಿ ಹೇಳ್ಬೇಡಿ, ಹಬ್ಬದ ದಿನ ಹೇಳ್ಬೇಡಿ. ಆಯಮ್ಮ ಅಂಗಡಿಗೆ ಬಂದಾಗ ಹೇಳಿದ್ರೆ ವಾಪಸ್ ಹೋಗೋ ಎರಡು ಗಂಟೆ ಬಸ್ಸಲ್ಲಿ ಒಬ್ಬರೇ ಅಳ್ತಾ ಹೋಗ್ಬೇಕು. ನೀವೇ ಅವ್ರ ಮನೆಗೆ ಹೋಗಿ. ತಿರುಗಿ ಬರೋ ಬಸ್ಸಲ್ಲಿ ನೀವು ಅಳಿ.

ಇನ್ನೊಂದು, ಪರಿಹಾರದ ದುಡ್ಡು ಬಂದಿದ್ಯಾ? ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ಘೋಷಿಸಿತ್ತು, ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಬಂದ 50 ಸಾವಿರ ಬೇರೆ. ನನ್ನ ಚಿಕ್ಕಪ್ಪನ ಮನೇಲಿ ಸರ್ಟಿಫಿಕೇಟಲ್ಲಿ ಒಂದು ಅಕ್ಷರ ತಪ್ಪು ಅಂತ ಎಂಟು ತಿಂಗಳು ಅಲೆದ್ರು.

—

ಸೂಜಿದಾರ

ದುಡ್ಡು ಎರಡೂ ಬಂದಿದೆ ಸಾರ್. ಬಿಯು ನಂಬರ್ ಇದ್ದಿದ್ರಿಂದ ತೊಂದ್ರೆ ಆಗ್ಲಿಲ್ಲ. ಅರ್ಜಿ ನಾನೇ ಬರೆದು, ಕಚೇರಿಗೆ ಅವ್ರ ಜೊತೆ ನಾನೇ ಓಡಾಡಿದ್ದು. ಅದೂ ಸೇರ್ಕೊಂಡು 'ದೇವ್ರು' ಆಗಿದ್ದು.

ಕಲ್ಪನಾ ಅವ್ರೇ, ನೀವು ಬರೆದಿದ್ದನ್ನ ಮೂರು ಸಲ ಓದಿಸ್ಕೊಂಡೆ. ನನ್ನ ಹೆಂಡ್ತಿ ಹತ್ರ. ಮೊದಲು ಅವಳಿಗೆ ಹೇಳ್ಬೇಕಿತ್ತಲ್ಲ, ಅವಳಿಗೂ ಗೊತ್ತಿರ್ಲಿಲ್ಲ. ಓದಿ ಮುಗಿಸಿ ಫೋನ್ ಇಟ್ಟು ಒಳಗೆ ಹೋದ್ಲು. ರಾತ್ರಿ ಮಲಗೋವಾಗ ಒಂದೇ ಮಾತು: "ಆವಾಗ ನಂಗೂ ಮೈಕೈ ನೋವು ಬಂದಿತ್ತಲ್ಲ, ಮಗೂನ ಪಕ್ಕದಲ್ಲೇ ಮಲಗಿಸ್ಕೊಂಡಿದ್ದೆ."

ಭಾನುವಾರ ಹೋಗ್ತೀನಿ.

—

ಡ್ಯೂಟಿಸಿಸ್ಟರ್

ಹೋಗಿ ಬನ್ನಿ. ಲಸಿಕೆ ವಿಷಯಾನೂ ಹೇಳಿ. ಅರ್ಧ ಹೇಳಿ ಅರ್ಧ ಉಳಿಸ್ಕೊಂಡ್ರೆ ಮತ್ತೆ ಇಲ್ಲೇ ಬರ್ತೀರ.

ಆಗ ಮುಂದೆ ಕೂತು ಎಷ್ಟೋ ಜನಕ್ಕೆ "ಏನೂ ಆಗಲ್ಲ ಹೋಗಿ" ಅಂದಿದೀನಿ ನಾನು. ಸಾಲು ಉದ್ದ ಇತ್ತು, ಬೇಗ ಕಳಿಸ್ಬೇಕಿತ್ತು. ಒಬ್ಬ ಹುಡುಗಿ ತಿರುಗಿ ಬಂದು "ನೀವು ಏನೂ ಆಗಲ್ಲ ಅಂದಿದ್ರಿ" ಅಂದ್ಲು, ಅಷ್ಟೇ ಅಂದು ಹೋದ್ಲು. ಅವಳ ಮುಖ ಈಗ್ಲೂ ಬ್ಯಾಂಕ್ ಕ್ಯೂನಲ್ಲಿ ಕಂಡ ಹಾಗಾಗುತ್ತೆ.

—

ಸೂಜಿದಾರ · ಹನ್ನೊಂದು ದಿನ ಬಿಟ್ಟು

ಹೋಗಿ ಬಂದೆ. ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಮಾರ್ಕೆಟ್‌ನಿಂದ ಮಾಗಡಿ ಬಸ್ ಹತ್ತಿದೆ. ತಾವರೆಕೆರೆ ದಾಟಿ ಹೋಗ್ಬೇಕು ಅನ್ನೋದು ಸುಂಕದಕಟ್ಟೆ ಹತ್ರ ನೆನಪಾಯ್ತು. ಇಷ್ಟು ವರ್ಷ ಆ ರಸ್ತೆಗೆ ಹೋಗೇ ಇರ್ಲಿಲ್ಲ. ಅವತ್ತು ಆಂಬುಲೆನ್ಸ್‌ಗಳು ರಸ್ತೆ ಬದಿ ಸಾಲು ನಿಂತಿದ್ವು, ಟೋಕನ್ ಕೊಡ್ತಿದ್ರು, ಯಾರೋ ಪುಣ್ಯಾತ್ಮರು ನೀರಿನ ಬಾಟ್ಲು ಹಂಚ್ತಿದ್ರು. ಈಗ ಹಲಸಿನ ಹಣ್ಣು ಮಾರ್ತಿದ್ರು ಅಲ್ಲಿ. ಪಕ್ಕದ ಸೀಟಿನ ಹುಡುಗ ಎರಡು ತೊಳೆ ಕೊಟ್ಟ. ವಾಸನೆ ಘಂ ಅಂತ ಬಂತು ಮೂಗಿಗೆ. ತಿಂದೆ.

ಸೀರೆ ಒಯ್ಯಲಿಲ್ಲ. ಅಂಗುಸ್ತಾನ ಮತ್ತೆ 2021ರ ಅಳತೆ ಪುಸ್ತಕ ಒಯ್ದೆ. ಅಂಗುಸ್ತಾನ ನನ್ನ ಗಲ್ಲಾ ಪೆಟ್ಟಿಗೇಲಿ ಚಿಲ್ಲರೆ ಜೊತೆ ಇತ್ತು, ನಾಲ್ಕು ವರ್ಷ ಅದನ್ನ ಮುಟ್ದೇ ಚಿಲ್ಲರೆ ತೆಗೆಯೋದು ಅಭ್ಯಾಸ ಆಗಿತ್ತು.

ಜಗಲಿ ಮೇಲೆ ಕೂತು ಹೇಳ್ದೆ. ಜ್ವರ, ಡೋಲೋ, ಇಸ್ತ್ರಿ, ವಾಸನೆ, ಎಲ್ಲ. ಸಿಸ್ಟರ್ ಹೇಳಿದ ಹಾಗೆ 'ಗೊತ್ತಿದ್ದೂ ಹೇಳ್ಲಿಲ್ಲ' ಅಂತಾನೇ ಹೇಳ್ದೆ. ಅವ್ರು ಅವರೆ ಬಿತ್ತನೆ ಬೀಜ ಆರಿಸ್ತಾ ಇದ್ರು ಮೊರದಲ್ಲಿ, ಕೈ ನಿಲ್ಲಿಸ್ಲಿಲ್ಲ. "ಯಾವ ದಿನ ಅದು?" ಅಂದ್ರು. ಪುಸ್ತಕ ತೆಗೆದು 20ನೇ ತಾರೀಕಿನ ಹಾಳೆ ತೋರಿಸ್ದೆ. ಓದೋಕೆ ಅವ್ರಿಗೆ ಅಷ್ಟಾಗಿ ಬರಲ್ಲ. ಅಳತೆ ಎಲ್ಲ ನನ್ನ ಅಕ್ಷರ, ಕೆಳಗೆ ಮೂಲೇಲಿ ಯಜಮಾನ್ರ ಅಕ್ಷರದಲ್ಲಿ 'ಹುಕ್ಕು 6, ಕೊಟ್ಟಿದೆ' ಅಂತ. ಅದು ಅವ್ರದ್ದು ಅಂತ ಹೇಳ್ದೆ. ಅದರ ಮೇಲೆ ಬೆರಳಿಟ್ಟು ಬೆರಳು ಮಡಚಿ ದಿನ ಎಣಿಸಿದ್ರು, ಐದು. "ಅವತ್ತು ಮನೆಗೆ ಬಂದು ಬ್ಲೌಸ್ ಸುಟ್ಟಿದ್ದು ಹೇಳಿದ್ರು. ಪಾಪ ಹುಡುಗ, ಗಿರಾಕಿಗೆ ಏನು ಹೇಳ್ತಾನೋ ಅಂತಿದ್ರು" ಅಂದ್ರು.

ಲಸಿಕೆ ವಿಷಯ ಹೇಳೋವಾಗ ನನ್ನ ದನಿ ನಿಂತು ನಿಂತು ಬಂತು. ಆಗ ಕೈ ನಿಲ್ಲಿಸಿದ್ರು. ಮೊರ ಕೆಳಗಿಟ್ರು. "ನಿನ್ನ ಹೆಸರು ಹೇಳ್ಲಿಲ್ಲ ಅವ್ರು. ನಂಗೇ ಭಯ ಕಣೇ, ಸೂಜಿ ಅಂದ್ರೆ ಆಗಲ್ಲ ಅಂದಿದ್ರು. ಜೀವಮಾನ ಪೂರ್ತಿ ಸೂಜಿ ಹಿಡ್ಕೊಂಡು ಕೂತೋನಿಗೆ ಸೂಜಿ ಭಯವಾ ಅಂತ ನಾನು ನಕ್ಕಿದ್ದೆ. ಮಗಳಿಗೂ ಫೋನ್ ಮಾಡಿ ಹೇಳಿ ನಕ್ಕಿದ್ದೆ" ಅಂದ್ರು. ಆಮೇಲೆ ಸೆರಗು ಬಾಯಿಗಿಟ್ಕೊಂಡು ಒಳಗೆ ಹೋದ್ರು.

ನಾನು ಜಗಲೀಲೇ ಕೂತಿದ್ದೆ, ಅರ್ಧ ಗಂಟೆ ಇರಬಹುದು. ಅವ್ರ ತಮ್ಮ ಹೊಲದಿಂದ ಬಂದು ಊಟ ಆಯ್ತಾ ಅಂದ್ರು. ಆಯ್ತು ಅಂದೆ. ಪ್ರತಿ ಸಲ 'ದೇವ್ರು' ಅಂದು ಕಳಿಸೋರು ಈ ಸಲ ಹೊರಗೆ ಬಂದು ಅಂಗುಸ್ತಾನ ಮಾತ್ರ ಕೈಯಿಂದ ತಗೊಂಡ್ರು. ಬೆರಳಿಗೆ ಹಾಕಿ ನೋಡಿದ್ರು, ದೊಡ್ಡದಾಯ್ತು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಕಲ್ಪನಾ ಅವ್ರೇ.

ಚಪ್ಪಲಿ ಹಾಕ್ಕೊಳೋವಾಗ ಹಿಂದಿನಿಂದ ಅಂದ್ರು, "ನನ್ನ ಅಳತೆ ಬ್ಲೌಸ್ ನಿನ್ನ ಅಂಗಡೀಲೇ ಉಳ್ಕೊಂಡಿದೆ ಅಲ್ವಾ, ಅದನ್ನ ತಂದುಬಿಡಪ್ಪ."

ಟೈಲರ್ ಹತ್ರ ಅಳತೆ ಬ್ಲೌಸ್ ವಾಪಸ್ ಕೇಳಿದ್ರೆ ಎರಡು ಅರ್ಥ. ಮೈ ಇಳಿದಿದೆ, ಹೊಸ ಅಳತೆ ಕೊಡ್ಬೇಕು ಅಂತ ಒಂದು. ಇನ್ನೊಂದು ನಿಮಗೇ ಗೊತ್ತು. ಅವ್ರು ಇಳಿದಿರೋದಂತೂ ನಿಜ, ತೋಳಲ್ಲೇ ಗೊತ್ತಾಗ್ತಿತ್ತು, ಎರಡು ಇಂಚು ಕಮ್ಮಿ.

ಬಟ್ಟೆ ರ‍್ಯಾಕಿನಿಂದ ತೆಗೆದು ಇಸ್ತ್ರಿ ಹಾಕಿ ಇಟ್ಟಿದೀನಿ. ಬರೋ ಭಾನುವಾರ ಕೊಟ್ಟು ಬರ್ಬೇಕು. ಟೇಪು ಜೇಬಲ್ಲಿ ಇಟ್ಕೊಂಡು ಹೋಗ್ಲಾ ಬೇಡ್ವಾ ಅಂತ ಹೆಂಡ್ತೀನ ಕೇಳ್ದೆ. ಅವಳು ನಂಗೇನು ಗೊತ್ತು ಅಂದ್ಲು.